ಏಪ್ರಿಲ್ ತಿಂಗಳ ಖಾಲಿ ಪುಟ: ಸ್ವಯಂಸೇವಾ ಸಂಸ್ಥೆಯೊಂದರ ಸಿಬ್ಬಂದಿ ಯೂನಿಯನ್ ಸೇರಿದ ಪ್ರಕರಣ

ಗುರುತು ಸಿಗಬಾರದೆಂದು ಈ ಪ್ರಕರಣದಲ್ಲಿ ಜಿಲ್ಲೆ, ಯೋಜನೆ, ವ್ಯಕ್ತಿಗಳ ಹೆಸರು ಬಿಟ್ಟಿದ್ದೇವೆ, ಕೆಲವು ಸಂಖ್ಯೆಗಳನ್ನೂ ಬದಲಿಸಿದ್ದೇವೆ. ಇದು ನಡೆದದ್ದು 1947ರ ಕೈಗಾರಿಕಾ ವಿವಾದ ಕಾಯ್ದೆ ಜಾರಿಯಲ್ಲಿದ್ದಾಗ. ಆ ಮೇಲೆ ಕಾನೂನು ಬದಲಾಗಿದೆ. ಅದರ ಮಾತು ಕೊನೆಯಲ್ಲಿದೆ.

ಸಂಸ್ಥೆ ಮತ್ತು ಅದರ ದುಡ್ಡು

ಉತ್ತರ ಕರ್ನಾಟಕದ ಮೂರು ತಾಲ್ಲೂಕುಗಳಲ್ಲಿ ಮಕ್ಕಳ ಕಲಿಕಾ ಕೇಂದ್ರ, ತಾಯಿ-ಮಗುವಿನ ಪೌಷ್ಟಿಕತೆ, ಮಹಿಳಾ ಗುಂಪುಗಳ ತರಬೇತಿ ನಡೆಸುವ ಟ್ರಸ್ಟ್ ಇದು. ಹಣ ಪಡೆಯುವವರ ಪಟ್ಟಿಯಲ್ಲಿ 64 ಜನ. ಅವರಲ್ಲಿ 38 ಕ್ಷೇತ್ರ ಕಾರ್ಯಕರ್ತರು, 9 ಸಂಯೋಜಕರು, ಕಚೇರಿ ಮತ್ತು ಲೆಕ್ಕಪತ್ರಕ್ಕೆ 5 ಮಂದಿ. ಉಳಿದ 12 ಜನರನ್ನು ಕರೆಯುತ್ತಿದ್ದದ್ದು 'ಸಂಪನ್ಮೂಲ ವ್ಯಕ್ತಿ' ಎಂದು. ಬೆಳಿಗ್ಗೆ ಸಹಿ, ಸಂಜೆ ವರದಿ, ಅದೇ ಬೈಕು, ಅದೇ ಹಳ್ಳಿ. ಆದರೆ ಇವರ ಕೈಗೆ ಬರುತ್ತಿದ್ದದ್ದು ಸಂಬಳವಲ್ಲ, ಆದಾಯ ತೆರಿಗೆಯ 194-ಜೆ ಅಡಿ ಶೇ 10 ಕಡಿತವಾದ 'ವೃತ್ತಿಪರ ಶುಲ್ಕ'. ವರ್ಷದ ಕೊನೆಗೆ ಸಿಗುತ್ತಿದ್ದದ್ದು ಸಂಬಳದ ತೆರಿಗೆ ಕಡಿತಕ್ಕೆ ಕೊಡುವ ಫಾರ್ಮ್ 16 ಅಲ್ಲ, ಇತರ ಪಾವತಿಗಳ 16-ಎ. ಪಿಎಫ್ ಇಲ್ಲ, ರಜೆ ಇಲ್ಲ.

ಹಣ ಬರುತ್ತಿದ್ದದ್ದು ಎರಡು ಕಡೆಯಿಂದ. ಒಂದು ವಿದೇಶಿ ದಾನಿ ಸಂಸ್ಥೆ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಖಾತೆಯ ಮೂಲಕ. ಇನ್ನೊಂದು ಕಂಪನಿಯೊಂದರ ಸಾಮಾಜಿಕ ಹೊಣೆಗಾರಿಕೆಯ, ಅಂದರೆ ಸಿಎಸ್‌ಆರ್ ನಿಧಿ. ಎರಡಕ್ಕೂ ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮುಂದೆ ನಡೆದದ್ದೆಲ್ಲ ಈ ದಿನಾಂಕದ ಸುತ್ತಲೇ.

ಹನ್ನೊಂದು ತಿಂಗಳ ಕರಾರು

ನೇಮಕಾತಿ ಪತ್ರ ಮೇ 1ರಿಂದ ಮಾರ್ಚ್ 31ರವರೆಗೆ. ಏಪ್ರಿಲ್‌ನಲ್ಲಿ ಯಾರೂ ನೌಕರರಲ್ಲ. ಶಾಲೆಗೆ ರಜೆ ಬಿಟ್ಟಿರುವುದರಿಂದ ಕಲಿಕಾ ಕೇಂದ್ರಗಳಲ್ಲಿ ಬೇಸಿಗೆ ಶಿಬಿರ ನಡೆಯುವುದು ಮಾತ್ರ ಅದೇ ಏಪ್ರಿಲ್‌ನಲ್ಲಿ; ವರ್ಷದಲ್ಲೇ ಹೆಚ್ಚು ಓಡಾಟದ ತಿಂಗಳು. ಕಾರ್ಯಕರ್ತರು ಬರುತ್ತಿದ್ದರು, ಶಿಬಿರ ನಡೆಸುತ್ತಿದ್ದರು. ಆಡಳಿತದ ಮಾತಿನಲ್ಲಿ ಅದು 'ಸ್ವಇಚ್ಛೆಯ ಸೇವೆ'. ಮೇ ತಿಂಗಳ ಹೊಸ ಪತ್ರ ಇನ್ನೂ ಕೈಗೆ ಬರದವರು ಏಪ್ರಿಲ್‌ನಲ್ಲಿ ಮನೆಯಲ್ಲಿ ಕೂರುವ ಧೈರ್ಯ ಮಾಡುತ್ತಾರೆಯೇ?

ಒಂದು ಏಪ್ರಿಲ್‌ನಲ್ಲಿ ಶಿಬಿರ ಮುಗಿಸಿ ಬರುತ್ತಿದ್ದ ಕಾರ್ಯಕರ್ತೆ ಬೈಕಿನಿಂದ ಬಿದ್ದು ಪಾದದ ಕೀಲು ಮುರಿಯಿತು. ಸಂಸ್ಥೆಯ ಗುಂಪು ಅಪಘಾತ ವಿಮೆಯ ಪಟ್ಟಿಯಲ್ಲಿ ಆ ತಿಂಗಳು ಅವರ ಹೆಸರಿರಲಿಲ್ಲ. ಸಹೋದ್ಯೋಗಿಗಳು ಚಂದಾ ಎತ್ತಿ ಆಸ್ಪತ್ರೆ ಬಿಲ್ ಕಟ್ಟಿದರು. ನಿರ್ದೇಶಕರೂ ವೈಯಕ್ತಿಕವಾಗಿ ಕೊಟ್ಟರು. ಇಂಥ ಸಂಸ್ಥೆಗಳಲ್ಲಿ ಹಕ್ಕಿನ ಜಾಗದಲ್ಲಿ ಒಳ್ಳೆಯತನ ಕೂತುಬಿಡುತ್ತದೆ. ನೆರವು ಕೊಟ್ಟವರ ಎದುರೇ ಬೇಡಿಕೆ ಇಡಬೇಕಾಗಿ ಬಂದಾಗ ಅನೇಕರಿಗೆ ನಾಲಿಗೆ ಏಳುವುದಿಲ್ಲ.

ಯೂನಿಯನ್‌ಗೆ ಮುಂಚೆ ಮಾಡಿದ್ದು

ಜೂನ್‌ನಲ್ಲಿ 41 ಜನ ಸಹಿ ಹಾಕಿದ ಮನವಿ ಹೋಯಿತು: ಏಪ್ರಿಲ್ ಸಂಬಳ, ವಿಮೆ, ಪೆಟ್ರೋಲ್ ಭತ್ಯೆ. ಸಹಿಗಳು ಒಂದರ ಕೆಳಗೊಂದು, ಕ್ರಮಸಂಖ್ಯೆ ಸಮೇತ. ಮೊದಲ ಐದು ಹೆಸರು ಯಾರದೆಂದು ನೋಡಿದರೆ ಯಾರು ಮುಂದಾಳುಗಳೆಂದು ಯಾರಿಗಾದರೂ ತಿಳಿಯುವಂತಿತ್ತು. ಸಹಿಗಳನ್ನು ವೃತ್ತಾಕಾರದಲ್ಲಿ ಹಾಕಿಸುವುದು, ಇಲ್ಲವೇ ತಾಲ್ಲೂಕಿಗೊಂದು ಹಾಳೆ ಮಾಡುವುದು ಹಳೆಯ ಸಂಘಟಕರಿಗೆ ಗೊತ್ತಿರುವ ಉಪಾಯ. ಇಲ್ಲಿ ಅದನ್ನು ಹೇಳುವವರು ಯಾರೂ ಇರಲಿಲ್ಲ.

ಆಡಳಿತ ಮನವಿಗೆ ಉತ್ತರ ಬರೆಯಲಿಲ್ಲ. ಒಬ್ಬೊಬ್ಬರನ್ನೇ ಕರೆದು 'ಮನಬಿಚ್ಚಿ ಮಾತಾಡೋಣ' ಎಂದಿತು. ಮೂರು ವಾರದಲ್ಲಿ 24 ಜನ ಸಹಿ ಹಿಂಪಡೆದ ಚೀಟಿ ಕೊಟ್ಟರು. ಜನವರಿಯಲ್ಲಿ, ದಾನಿ ಮೊತ್ತ ಕಡಿಮೆ ಮಾಡಿದೆ ಎಂಬ ಕಾರಣಕ್ಕೆ 19 ಜನರಿಗೆ ಮಾರ್ಚ್ 31ರ ನಂತರ ಮುಂದುವರಿಕೆ ಇಲ್ಲವೆಂದು ಬಾಯಿಮಾತಿನಲ್ಲಿ ತಿಳಿಸಲಾಯಿತು. ಮನವಿಯ ಮೊದಲ ಐದು ಸಹಿದಾರರೂ ಆ ಪಟ್ಟಿಯಲ್ಲಿದ್ದರು.

ಸಿಟ್ಟಿನಲ್ಲಿ ಮೂವರು ನೇರವಾಗಿ ವಿದೇಶಿ ದಾನಿಗೆ ಇಮೇಲ್ ಬರೆದರು. ದಾನಿಗಳು ಇಂಥ ದೂರು ಬಂದಾಗ ಮೊದಲು ಮಾಡುವ ಕೆಲಸ ಕಂತು ತಡೆಹಿಡಿಯುವುದು, ಆಮೇಲೆ ವಿಚಾರಣೆ. ಹಾಗೇ ಆಯಿತು. ಫೆಬ್ರುವರಿ ಸಂಬಳ ಯಾರಿಗೂ ಬರಲಿಲ್ಲ. 'ಇವರಿಂದಲೇ ನಮ್ಮ ಒಲೆ ಆರಿತು' ಎಂಬ ಮಾತು ಹಳ್ಳಿಹಳ್ಳಿಗೂ ಹೋಯಿತು. ದಾನಿಗೆ ಬರೆಯುವುದೇ ತಪ್ಪು ಎಂದಲ್ಲ. ಮಾತುಕತೆಗೆ ಯಾರೂ ಅಧಿಕೃತವಾಗಿ ಕೂತಿರದ ಹೊತ್ತಿನಲ್ಲಿ, ಹಿಂದೆ ಸದಸ್ಯಬಲವಿಲ್ಲದೆ ಬರೆದರೆ ಏಟು ಬೀಳುವುದು ತಮ್ಮವರ ಮೇಲೇ.

ಹೊಸ ಸಂಘವೋ, ಇದ್ದ ಸಂಘವೋ

ಫೆಬ್ರುವರಿ ಕೊನೆಗೆ ಎರಡು ದಾರಿಗಳಿದ್ದವು. 1926ರ ಕಾರ್ಮಿಕ ಸಂಘಗಳ ಕಾಯ್ದೆಯಡಿ ಏಳು ಜನ ಸೇರಿ ಹೊಸ ಸಂಘದ ನೋಂದಣಿಗೆ ಅರ್ಜಿ ಹಾಕಬಹುದು. 2001ರ ತಿದ್ದುಪಡಿಯ ನಂತರ ಆ ಸಂಸ್ಥೆಯ ಕಾರ್ಮಿಕರಲ್ಲಿ ಶೇ 10 ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. ಆದರೂ ಏಳಕ್ಕಿಂತ ಕಡಿಮೆ ಆಗುವಂತಿಲ್ಲ. 64 ಜನರ ಸಂಸ್ಥೆಯಲ್ಲಿ ಸಂಖ್ಯೆ ತೊಡಕಲ್ಲ, ಸಮಯವೇ ತೊಡಕು. ನಿಯಮಾವಳಿ ಬರೆದು, ಅರ್ಜಿ ಹಾಕಿ, ರಿಜಿಸ್ಟ್ರಾರ್ ಕಚೇರಿಯ ಪ್ರಶ್ನೆಗಳಿಗೆ ಉತ್ತರಿಸುವಷ್ಟರಲ್ಲಿ ಮಾರ್ಚ್ 31 ದಾಟಿರುತ್ತಿತ್ತು.

ಇನ್ನೊಂದು ದಾರಿ, ಜಿಲ್ಲೆಯಲ್ಲಿ ಆಗಲೇ ನೋಂದಣಿಯಾಗಿದ್ದ ಸಾಮಾನ್ಯ ಕಾರ್ಮಿಕ ಸಂಘದ ಘಟಕವಾಗುವುದು. 33 ಜನ ಹಾಗೆ ಸೇರಿದರು. ಸೇರುವ ಮುಂಚೆ ಸಂಘದ ಕಾರ್ಯದರ್ಶಿ ತಮ್ಮ ನಿಯಮಾವಳಿಯನ್ನೇ ತೆಗೆದು ಓದಿಸಿದರು. ಸದಸ್ಯತ್ವದ ಕಲಮಿನಲ್ಲಿ ಕಟ್ಟಡ, ಬೀಡಿ, ಹಮಾಲಿ, ಅಂಗಡಿ ಎಂದಿತ್ತು. ಸ್ವಯಂಸೇವಾ ಸಂಸ್ಥೆ ಎಂಬ ಪದವಿರಲಿಲ್ಲ. ಹಾಗೇ ಮುಂದೆ ಹೋಗಿದ್ದರೆ 'ಈ ಸಂಘಕ್ಕೆ ನಮ್ಮ ನೌಕರರ ಪರ ಮಾತಾಡುವ ಅಧಿಕಾರವೇ ಇಲ್ಲ' ಎಂಬ ಮೊದಲ ಆಕ್ಷೇಪಣೆಯಲ್ಲೇ ಎರಡು ತಿಂಗಳು ಹೋಗುತ್ತಿತ್ತು. ವಿಶೇಷ ಸಾಮಾನ್ಯ ಸಭೆ ಕರೆದು ಕಲಮು ತಿದ್ದಿದರು, ತಿದ್ದುಪಡಿಯ ಪ್ರತಿಯನ್ನು ಕಾಯ್ದೆ ಹೇಳುವ 15 ದಿನಗಳ ಒಳಗೆ ರಿಜಿಸ್ಟ್ರಾರ್‌ಗೆ ಕಳಿಸಿ ಸ್ವೀಕೃತಿ ಪಡೆದರು. ಆ ಸ್ವೀಕೃತಿಯ ಜೆರಾಕ್ಸ್ ಮುಂದೆ ಮೂರು ಸಲ ಮೇಜಿನ ಮೇಲೆ ಬಂತು.

ಸಂಯೋಜಕರ ವಿಚಾರದಲ್ಲಿ ಚರ್ಚೆ ಬಿಸಿಯಾಗಿತ್ತು. ಒಂಬತ್ತರಲ್ಲಿ ಇಬ್ಬರು ಸೇರಲು ಬಂದಿದ್ದರು. ಮೇಲ್ವಿಚಾರಣೆಯ ಕೆಲಸ ಮಾಡುತ್ತ ತಿಂಗಳಿಗೆ 10,000 ರೂಪಾಯಿಗಿಂತ ಹೆಚ್ಚು ಪಡೆಯುವವರು ವಿವಾದ ಕಾಯ್ದೆಯ 'ಕಾರ್ಮಿಕ' ವ್ಯಾಖ್ಯೆಯಿಂದ ಹೊರಗಿದ್ದರು. ಸಂಘಗಳ ಕಾಯ್ದೆಯ ವ್ಯಾಖ್ಯೆ ಅದಕ್ಕಿಂತ ವಿಶಾಲ, ಹಾಗಾಗಿ ಸದಸ್ಯರಾಗಲು ಅಡ್ಡಿಯಿಲ್ಲ. ಇಬ್ಬರನ್ನೂ ಸಂಘಕ್ಕೆ ಸೇರಿಸಿಕೊಂಡು ವಿವಾದದ ಪಟ್ಟಿಯಿಂದ ಮಾತ್ರ ಬಿಟ್ಟರು. ವಾಟ್ಸ್‌ಆ್ಯಪ್ ಗುಂಪೂ ಬೇರೆ ಮಾಡಿದರು. ಕಾರ್ಯಕರ್ತರ ವಾರ್ಷಿಕ ಮೌಲ್ಯಮಾಪನ ಬರೆಯುವವರು ಗುಂಪಿನಲ್ಲಿದ್ದರೆ, ಅವರು ಎಷ್ಟೇ ಸ್ನೇಹಿತರಾದರೂ, ಉಳಿದವರು ಬರೀ ಕೈಮುಗಿದ ಚಿತ್ರ ಕಳಿಸುತ್ತ ಕೂರುತ್ತಾರೆ.

12 ಸಂಪನ್ಮೂಲ ವ್ಯಕ್ತಿಗಳನ್ನು ಮಾತ್ರ ಹೊರಗೇ ಬಿಟ್ಟರು. ಅವರು ನೌಕರರೇ ಅಲ್ಲವೇ ಎಂಬ ವಾದಕ್ಕೆ ಇಳಿದರೆ ಉಳಿದೆಲ್ಲ ಮುಳುಗುತ್ತದೆ ಎಂಬುದು ಕಾರಣ. ಆ ಹೊತ್ತಿಗೆ ಸರಿ ಎನಿಸಿದ ಈ ತೀರ್ಮಾನದ ಬೆಲೆ ಆಮೇಲೆ ಗೊತ್ತಾಯಿತು.

ಕಾರ್ಮಿಕ ಅಧಿಕಾರಿಯ ಎದುರು

ಮಾರ್ಚ್ ಮೊದಲ ವಾರ ಬೇಡಿಕೆ ಪಟ್ಟಿ ಹೋಯಿತು. ಸಂಸ್ಥೆಯ ಉತ್ತರದಲ್ಲಿ ಮೂರು ಅಂಶ: ನಾವು ಕೈಗಾರಿಕೆಯಲ್ಲ, ಇವರು ಕಾರ್ಮಿಕರಲ್ಲ, ಅವಧಿ ಮುಗಿದ ಕರಾರನ್ನು ನವೀಕರಿಸದಿರುವುದು ಸೆಕ್ಷನ್ 2(ಒಒ)(ಬಿಬಿ) ಪ್ರಕಾರ ಕೆಲಸದಿಂದ ತೆಗೆದಂತೆ (ರಿಟ್ರೆಂಚ್‌ಮೆಂಟ್) ಅಲ್ಲ.

ಮೊದಲನೆಯದಕ್ಕೆ ಉತ್ತರವು ಕರ್ನಾಟಕದಿಂದಲೇ ಹೋದ ಮೊಕದ್ದಮೆಯಲ್ಲಿತ್ತು. ಬೆಂಗಳೂರು ಜಲಮಂಡಳಿ ವಿರುದ್ಧ ಎ. ರಾಜಪ್ಪ ಪ್ರಕರಣದಲ್ಲಿ 1978ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಬಹುಮತದ ಪರವಾಗಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪಿನಲ್ಲಿ, ಲಾಭದ ಉದ್ದೇಶ ಇಲ್ಲದಿದ್ದರೂ ವ್ಯವಸ್ಥಿತ ಚಟುವಟಿಕೆ ಕೈಗಾರಿಕೆಯೇ ಎಂದಿತ್ತು. ಧರ್ಮಾರ್ಥ ಸಂಸ್ಥೆಗಳನ್ನೂ ಅದು ಬಿಡಿಸಿ ನೋಡಿತ್ತು. ಸೇವೆ ಪಡೆಯುವವರಿಗೆ ಉಚಿತ, ಆದರೆ ದುಡಿಯುವವರು ಸಂಬಳಕ್ಕೆ ಬಂದವರು ಎಂದಾದರೆ ಅದು ಕೈಗಾರಿಕೆ. ದುಡಿಯುವವರೂ ಸೇವಾಭಾವದಿಂದ ಉಚಿತವಾಗಿ ಬಂದವರಾದರೆ ಮಾತ್ರ ಅಲ್ಲ. 'ಗೌರವಧನ ಕೊಡುತ್ತೇವೆ, ಸಂಬಳವಲ್ಲ' ಎಂಬ ಪ್ರತಿವಾದಕ್ಕೆ, ಅಂಗನವಾಡಿ ಕಾರ್ಯಕರ್ತೆಯರಿಗೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಹಣ) ಅನ್ವಯಿಸುತ್ತದೆ, ಗೌರವಧನವೂ ವೇತನವೇ ಎಂದ 2022ರ ಏಪ್ರಿಲ್‌ನ ಸುಪ್ರೀಂ ಕೋರ್ಟ್ ತೀರ್ಪು ಸಿಕ್ಕಿತು.

ರಾಜಿ ಮಾಡಿಸುವ ಕಾರ್ಮಿಕ ಅಧಿಕಾರಿಯ ಎದುರಿನ ಮೊದಲ ಬೈಠಕ್‌ಗೆ ಸಂಸ್ಥೆ ವಕೀಲರನ್ನು ಕರೆತಂದಿತು. ರಾಜಿ ಸಂಧಾನದಲ್ಲಿ ವಕೀಲರು ಪ್ರತಿನಿಧಿಸುವಂತಿರಲಿಲ್ಲ, ಸೆಕ್ಷನ್ 36 ಅದನ್ನು ತಡೆಯುತ್ತಿತ್ತು. ಕಾರ್ಮಿಕರ ಪರ ಮಾತಾಡುವ ಹಕ್ಕು ನೋಂದಾಯಿತ ಸಂಘದ ಪದಾಧಿಕಾರಿಗೆ ಇತ್ತು. ವಕೀಲರು ಎದ್ದು ಹೋದರು. ನಿರ್ದೇಶಕರು ಒಬ್ಬರೇ ಉಳಿದು, ಇದು ಕುಟುಂಬ, ಮಕ್ಕಳಂತೆ ಬೆಳೆಸಿದೆ ಎಂದು ಕಣ್ಣೀರಾದರು. ಗೆದ್ದ ಆಕ್ಷೇಪಣೆಯಿಂದ ಆ ದಿನ ಏನೂ ಸಿಗಲಿಲ್ಲ. ಒಬ್ಬ ವಕೀಲರಿದ್ದಿದ್ದರೆ ಕನಿಷ್ಠ ಅಂಕಿಗಳ ಮಾತಾದರೂ ಆಗುತ್ತಿತ್ತು.

ಆದರೆ ಒಂದು ಉಪಯೋಗವಾಯಿತು. ಸಂಧಾನ ಶುರುವಾದ ಮೇಲೆ ವಿವಾದಕ್ಕೆ ಸಂಬಂಧಿಸಿದ ಸೇವಾ ಷರತ್ತನ್ನು ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಬದಲಿಸುವಂತಿಲ್ಲ ಎಂಬ ಸೆಕ್ಷನ್ 33ನ್ನು ಸಂಘ ಅವತ್ತೇ ಬರಹದಲ್ಲಿ ದಾಖಲಿಸಿತು. ಮಾರ್ಚ್ 31 ಬಂತು, ಹೋಯಿತು. 19 ಜನರಿಗೆ ಕೆಲಸ ಬಿಡಿಸಿದ ಪತ್ರ ಬರಲಿಲ್ಲ.

ಏಪ್ರಿಲ್ ಪುಟ

ಎರಡನೇ ಬೈಠಕ್ ಸೇವೆಯ ನಿರಂತರತೆಯ ಮೇಲೆ. ಸಿಬ್ಬಂದಿ ಹಾಜರಿ ಪುಸ್ತಕದಲ್ಲಿ ಪ್ರತಿ ವರ್ಷದ ಏಪ್ರಿಲ್ ಪುಟ ಖಾಲಿ, ಮೇಲಿನಿಂದ ಕೆಳಗೆ ಒಂದು ಓರೆ ಗೆರೆ. ಅದೇ ತಿಂಗಳ ಮಕ್ಕಳ ಹಾಜರಿ ಪುಸ್ತಕದಲ್ಲಿ ಮಾತ್ರ ದಿನದಿನವೂ ಕಾರ್ಯಕರ್ತೆಯ ಸಹಿ. ದಾನಿಗೆ ಕಳಿಸುವ ಶಿಬಿರದ ಫೋಟೊಗಳ ಮೂಲೆಯಲ್ಲಿ ಹಳ್ಳಿಯ ಅಕ್ಷಾಂಶ-ರೇಖಾಂಶ, ದಿನಾಂಕ, ಗಂಟೆ. ಒಂದು ಫೋಟೊದಲ್ಲಿ ಕಪ್ಪು ಹಲಗೆಯ ಪಕ್ಕ ನಿಂತವರು ಆಮೇಲೆ ಬೈಕಿನಿಂದ ಬಿದ್ದ ಅದೇ ಕಾರ್ಯಕರ್ತೆ. ಅಪಘಾತಕ್ಕೆ ನಾಲ್ಕು ತಾಸು ಮುಂಚಿನದು. ಯೋಜನೆಯ ಪಾರದರ್ಶಕತೆಗೆಂದು ಸಂಸ್ಥೆಯೇ ಕಡ್ಡಾಯ ಮಾಡಿದ್ದ ಆ್ಯಪ್ ಇಲ್ಲಿ ಸಾಕ್ಷಿಯಾಯಿತು.

ಇನ್ನೊಂದು ಲೆಕ್ಕ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಒಂದು ವರ್ಷದ ನಿರಂತರ ಸೇವೆ ಎನ್ನಲು ಹನ್ನೆರಡು ತಿಂಗಳಲ್ಲಿ 240 ದಿನ ಸಾಕು. ತಿಂಗಳಿಗೆ 26 ದಿನದಂತೆ 11 ತಿಂಗಳಿಗೇ 286 ದಿನ ಆಗುತ್ತದೆ. ಹನ್ನೊಂದು ತಿಂಗಳ ಕರಾರು ಮಾಡಿದರೆ ಗ್ರಾಚ್ಯುಟಿ ತಪ್ಪುತ್ತದೆ ಎಂಬುದು ಈ ವಲಯದಲ್ಲಿ ಬಾಯಿಂದ ಬಾಯಿಗೆ ಬಂದ ನಂಬಿಕೆ. 240 ದಿನದ ಲೆಕ್ಕ ಅಂಥ ಕರಾರಿನಿಂದ ಮುರಿಯುವುದಿಲ್ಲ. ಪ್ರತಿ ವರ್ಷವೂ ಬೇರೆ ಬೇರೆ ನೇಮಕಾತಿ ಎಂದು ವಾದಿಸಲು ಆ ಒಂದು ತಿಂಗಳು ನೆಪವಾಗುತ್ತದೆ, ಅಷ್ಟೇ. ಆ ನೆಪವನ್ನು ಮಕ್ಕಳ ಹಾಜರಿ ಪುಸ್ತಕ ಕಿತ್ತುಕೊಂಡಿತು.

ಶೇ 20, ಶೇ 5, ಶೇ 4.81

ಮೂರನೇ ಬೈಠಕ್‌ನಲ್ಲಿ ಆಡಳಿತ ಹಣದ ಮಾತಿಗೆ ಬಂತು. ಎಫ್‌ಸಿಆರ್‌ಎಗೆ 2020ರಲ್ಲಾದ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿದೆ, ಸಿಎಸ್‌ಆರ್‌ನಲ್ಲಿ ಶೇ 5 ಮಾತ್ರ, ಹೀಗಾಗಿ ಸಂಬಳ ಹೆಚ್ಚಿಸಲು ಕಾನೂನೇ ಬಿಡುವುದಿಲ್ಲ ಎಂದರು.

ಎರಡೂ ಅಂಕಿ ನಿಜ, ಎರಡೂ ಇಲ್ಲಿಗೆ ಹೊಂದುವುದಿಲ್ಲ. ಎಫ್‌ಸಿಆರ್‌ಎ ನಿಯಮ 5 ಆಡಳಿತ ವೆಚ್ಚ ಯಾವುದೆಂದು ಹೇಳುತ್ತಲೇ, ಕಲ್ಯಾಣ ಸಂಸ್ಥೆಯ ಉದ್ದೇಶಕ್ಕೆ ನೇರವಾಗಿ ಮಾಡುವ ಖರ್ಚನ್ನು ಅದರಿಂದ ಹೊರಗಿಡುತ್ತದೆ. ಆಸ್ಪತ್ರೆಯ ವೈದ್ಯರ, ಶಾಲೆಯ ಶಿಕ್ಷಕರ ಸಂಬಳವನ್ನೇ ಉದಾಹರಣೆಯಾಗಿ ಕೊಡುತ್ತದೆ. ಕಲಿಕಾ ಕೇಂದ್ರದಲ್ಲಿ ಪಾಠ ಹೇಳುವವರ ಸಂಬಳ ಆ ಸಾಲಿಗೆ ಸೇರುತ್ತದೆ ಎಂಬುದು ಸಂಘದ ವಾದ. ಸಿಎಸ್‌ಆರ್‌ನ ಶೇ 5 ಇರುವುದು ಕಂಪನಿ ತನ್ನೊಳಗೆ ಸಿಎಸ್‌ಆರ್ ನಿರ್ವಹಣೆಗೆ ಮಾಡುವ ಖರ್ಚಿಗೆ, ಹಳ್ಳಿಯಲ್ಲಿ ಯೋಜನೆ ನಡೆಸುವ ಖರ್ಚಿಗಲ್ಲ. ನಿರ್ದೇಶಕರು ಸುಳ್ಳು ಹೇಳುತ್ತಿರಲಿಲ್ಲ. ಅವರ ಲೆಕ್ಕಪರಿಶೋಧಕರು ಅಪಾಯ ಬೇಡವೆಂದು ಎಲ್ಲ ಸಂಬಳವನ್ನೂ ಆಡಳಿತದ ತಲೆಬರಹಕ್ಕೆ ಹಾಕಿಸಿದ್ದರು, ವರ್ಷಗಳಿಂದ ಅದೇ ನಡೆದಿತ್ತು.

ಇದೇ ಹೊತ್ತಿಗೆ ಲೆಕ್ಕ ವಿಭಾಗದ ಒಬ್ಬರು ದಾನಿ ಒಪ್ಪಿದ ಬಜೆಟ್‌ನ ಪ್ರತಿಯನ್ನು ಸಂಘಕ್ಕೆ ಕೊಡಲು ಬಂದರು. ಅದರಲ್ಲಿ ಸಂಬಳ 12 ತಿಂಗಳಿಗೆ ಮಂಜೂರಾಗಿತ್ತು. ಗ್ರಾಚ್ಯುಟಿಗೆಂದು ಮೂಲವೇತನದ ಶೇ 4.81 ಬೇರೆಯೇ ಇತ್ತು. 15 ದಿನವನ್ನು 26ರಿಂದ, ಮತ್ತೆ 12ರಿಂದ ಭಾಗಿಸಿದರೆ ಬರುವ ಅಂಕಿ ಅದು. ಸಂಘದ ಕಾರ್ಯದರ್ಶಿ ಪ್ರತಿಯನ್ನು ತೆಗೆದುಕೊಳ್ಳಲಿಲ್ಲ. ಸೋರಿದ ಕಾಗದವನ್ನು ಮೇಜಿನ ಮೇಲಿಟ್ಟಿದ್ದರೆ ಮಾತು ಬಜೆಟ್ ಬಿಟ್ಟು 'ಯಾರು ಕದ್ದರು' ಎಂಬುದಕ್ಕೆ ಹೊರಳುತ್ತಿತ್ತು, ಲೆಕ್ಕಿಗರ ಕೆಲಸವೂ ಹೋಗುತ್ತಿತ್ತು. ಬದಲಿಗೆ, ಸಂಬಂಧಪಟ್ಟ ದಾಖಲೆ ತರಿಸಿ ನೋಡುವ ಅಧಿಕಾರ ಸಂಧಾನಾಧಿಕಾರಿಗೆ ಕೊಡುವ ಸೆಕ್ಷನ್ 11(4) ಉಲ್ಲೇಖಿಸಿ ಒಂದು ಪುಟದ ಅರ್ಜಿ ಹಾಕಿದರು: ಮೂರು ವರ್ಷದ ಮಂಜೂರಾದ ಬಜೆಟ್, ಬಳಕೆ ಪ್ರಮಾಣಪತ್ರ. ಅಧಿಕಾರಿ ಕೇಳಿದರು. ಹತ್ತು ದಿನ ತಡವಾಗಿ ದಾಖಲೆ ಬಂತು.

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಏಪ್ರಿಲ್ ಸಂಬಳದ ಹಣ ಬಂದಿತ್ತು. ಅದು ಯಾರ ಜೇಬಿಗೂ ಹೋಗಿರಲಿಲ್ಲ. ದಾನಿಯ ಕಂತು ತಡವಾದಾಗ ಬಾಡಿಗೆ, ಡೀಸೆಲ್ ನಡೆಸಲು ಮೀಸಲಾಗಿ ಉಳಿಸಿಕೊಂಡಿದ್ದರು. ಗ್ರಾಚ್ಯುಟಿ ಹಣದ ಕಥೆಯೂ ಹಾಗೇ. ಅದು ಕೆಲಸ ಬಿಡುವಾಗ ಕೊಡುವ ಹಣ, ಹಾಗಾಗಿ ಮಾರ್ಚ್‌ನಲ್ಲಿ 'ಖರ್ಚಾಗದ ಮೊತ್ತ' ಎಂದು ಕಾಣುತ್ತದೆ. ವಾಪಸ್ ಕೊಡುವ ಬದಲು ಬೇರೆ ಸಾಲಿಗೆ ವರ್ಗಾಯಿಸಲು ದಾನಿಯ ಅನುಮತಿ ಪಡೆಯುತ್ತಿದ್ದರು. ಮೋಸ ಎಂದು ಸಂಘ ಕೂಗಬಹುದಿತ್ತು, ಕೂಗಲಿಲ್ಲ. 'ಈ ಹಣಕ್ಕೆ ಮುಂದೆ ಏನು ವ್ಯವಸ್ಥೆ' ಎಂದಷ್ಟೇ ಕೇಳಿತು. ನಿರ್ದೇಶಕರು ಮೊದಲ ಸಲ ಕುಟುಂಬದ ಮಾತು ಬಿಟ್ಟು ಪೆನ್ನು ಹಿಡಿದರು.

ಒಪ್ಪಂದ

ಸೆಕ್ಷನ್ 12(3)ರಡಿ, ಅಧಿಕಾರಿಯ ಎದುರೇ ಸಹಿಯಾಯಿತು. ಇಬ್ಬರೇ ಕೂತು ಮಾಡಿಕೊಂಡ ಒಪ್ಪಂದ ಸಹಿ ಹಾಕಿದವರನ್ನಷ್ಟೇ ಕಟ್ಟುತ್ತದೆ. ಸಂಧಾನದಲ್ಲಾದದ್ದು ಸಂಘ ಸೇರದವರಿಗೂ, ನಾಳೆ ಸೇರುವ ಕಾರ್ಮಿಕರಿಗೂ ಅನ್ವಯಿಸುತ್ತದೆ.

19ರಲ್ಲಿ 11 ಜನರನ್ನು ಸಿಎಸ್‌ಆರ್ ಯೋಜನೆಗೆ ವರ್ಗಾಯಿಸಿದರು. 8 ಜನ ಹೊರಹೋದರು, ಕಾರ್ಮಿಕರನ್ನು ತೆಗೆಯುವಾಗಿನ ಪರಿಹಾರ ಹೇಳುವ ಸೆಕ್ಷನ್ 25-ಎಫ್‌ನ ಅಳತೆಯಲ್ಲೇ ಪರಿಹಾರ ಪಡೆದು. ತಿಂಗಳಿಗೆ 13,000 ರೂಪಾಯಿ ಪಡೆಯುತ್ತ ಆರು ವರ್ಷ ದುಡಿದ ಒಬ್ಬರ ಲೆಕ್ಕ ಹೀಗಿತ್ತು: ಗ್ರಾಚ್ಯುಟಿ 13,000ವನ್ನು 26ರಿಂದ ಭಾಗಿಸಿ 15ರಿಂದ, 6ರಿಂದ ಗುಣಿಸಿ 45,000, ವರ್ಷಕ್ಕೆ ಅರ್ಧ ತಿಂಗಳಂತೆ ಪರಿಹಾರ 39,000, ನೋಟಿಸ್ ಬದಲಿಗೆ 13,000. ಒಟ್ಟು 97,000, ಎರಡು ಕಂತಿನಲ್ಲಿ. ಉಳಿದವರ ಕರಾರು ಏಪ್ರಿಲ್ 1ರಿಂದ, ಯೋಜನೆಯ ಪೂರ್ತಿ ಅವಧಿಗೆ. ಯೋಜನೆ ಮುಗಿಯುವುದಿದ್ದರೆ 60 ದಿನ ಮುಂಚೆ ಬರಹದಲ್ಲಿ ತಿಳಿಸಬೇಕು. ಗ್ರಾಚ್ಯುಟಿ ಮೊತ್ತವನ್ನು ಪ್ರತಿ ವರ್ಷ ಎಲ್‌ಐಸಿಯ ಗುಂಪು ಗ್ರಾಚ್ಯುಟಿ ನಿಧಿಗೆ ಕಟ್ಟಬೇಕು. ಹೀಗೆ ಕಟ್ಟಿದರೆ ಅದು ಆ ವರ್ಷದ ಖರ್ಚಾಗುತ್ತದೆ, ಉಳಿಕೆಯಾಗಿ ಕಾಣುವುದಿಲ್ಲ. ದಾನಿಯೂ ಪ್ರಶ್ನೆ ಕೇಳುವುದಿಲ್ಲ.

ಲೇಬರ್ ಕೋರ್ಟಿಗೆ ಹೋಗಿದ್ದರೆ ಇನ್ನೂ ಹೆಚ್ಚು ಸಿಗುತ್ತಿತ್ತು ಎಂದು ಕೆಲವರು ಈಗಲೂ ಹೇಳುತ್ತಾರೆ. ಅವಧಿ ಮುಗಿದ ಕರಾರಿನ ಕಲಮು ಅಲ್ಲಿ ನಿಜವಾದ ಗೋಡೆಯಾಗುತ್ತಿತ್ತು, ವರ್ಷಗಟ್ಟಲೆ ಕಾಯಬೇಕಾಗುತ್ತಿತ್ತು. ರಾಜಿ ಸರಿಯಾದ ತೀರ್ಮಾನವೇ. ಆದರೆ ಮನವಿಗೆ ಮೊದಲ ಸಹಿ ಹಾಕಿದವರು ಹೊರಹೋದ ಎಂಟರಲ್ಲಿದ್ದರು ಎಂಬುದನ್ನೂ ಬರೆಯಬೇಕು. ಅವರನ್ನು ಉಳಿಸಿಕೊಳ್ಳುವುದನ್ನು ಸಂಘ ಕೊನೆಯ ಬೈಠಕ್‌ವರೆಗೆ ಷರತ್ತಾಗಿ ಇಟ್ಟು, ಕೊನೆಗೆ ಬಿಟ್ಟುಕೊಟ್ಟಿತು.

ಆಮೇಲಿನ ಮಾತು

2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಪೂರ್ತಿಯಾಗಿ ಅಥವಾ ಬಹುಮಟ್ಟಿಗೆ ಧರ್ಮಾರ್ಥ, ಸಾಮಾಜಿಕ, ಪರೋಪಕಾರಿ ಸೇವೆಯಲ್ಲಿ ತೊಡಗಿದ ಸಂಸ್ಥೆಗಳು ನಡೆಸುವ ಘಟಕಗಳನ್ನು ಅದು 'ಕೈಗಾರಿಕೆ'ಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಇಂಥದೇ ಹೊರಗಿಡುವಿಕೆಯನ್ನು 1982ರ ತಿದ್ದುಪಡಿಯೂ ತಂದಿತ್ತು. ಆ ವ್ಯಾಖ್ಯೆ ಜಾರಿಗೇ ಬರಲಿಲ್ಲ. ಈ ಸಲ ಬಂದಿದೆ. ಇನ್ನು ಮುಂದೆ ಇಂಥ ಸಂಸ್ಥೆಯ ಸಿಬ್ಬಂದಿ ಸಂಧಾನದ ಬಾಗಿಲು ತಟ್ಟಿದರೆ, 'ಬಹುಮಟ್ಟಿಗೆ' ಎಂಬ ಪದದ ಮೇಲೆಯೇ ಮೊದಲ ಜಗಳ. ಶುಲ್ಕ ಪಡೆಯುವ ತರಬೇತಿ ಕೇಂದ್ರ, ಉತ್ಪನ್ನ ಮಾರುವ ಘಟಕ ಇದ್ದರೆ ಅವುಗಳ ಲೆಕ್ಕ ಈಗಿನಿಂದಲೇ ತೆಗೆದಿಡುವುದು ಒಳ್ಳೆಯದು. ವೇತನ ಸಂಹಿತೆಯ ದಾರಿ ಬೇರೆ. ಅದರ 'ಸಂಸ್ಥೆ' ಎಂಬ ವ್ಯಾಖ್ಯೆಯಲ್ಲಿ ಕೈಗಾರಿಕೆ, ವ್ಯಾಪಾರದ ಜೊತೆಗೆ ಯಾವುದೇ ವೃತ್ತಿ ನಡೆಯುವ ಸ್ಥಳವೂ ಸೇರಿದೆ. ಬಾಕಿ ಸಂಬಳದ ಬೇಡಿಕೆಯನ್ನು ಆ ಕಡೆಯಿಂದ ಕಟ್ಟಬೇಕು.

ಸಂಘದ ಈ ಘಟಕಕ್ಕೆ ಆಗ ಕೈಹಿಡಿದದ್ದು ಒಪ್ಪಂದದ ಕೊನೆಯ ಪುಟದ, ಯಾರೂ ಅಷ್ಟಾಗಿ ಗಮನಿಸದ ಒಂದು ಕಲಮು: ಮೇಲಿನ ಷರತ್ತುಗಳನ್ನು ಟ್ರಸ್ಟ್ ಮಂಡಳಿ ಠರಾವು ಮಾಡಿ ಪ್ರತಿಯೊಬ್ಬರ ನೇಮಕಾತಿ ಪತ್ರಕ್ಕೆ ಅನುಬಂಧವಾಗಿ ಲಗತ್ತಿಸತಕ್ಕದ್ದು. ಹೊಸ ಸಂಹಿತೆ ಬಂದ ಮೇಲೆ ಒಪ್ಪಂದ ಇನ್ನೂ ಇದೆಯೇ ಎಂದು ಆಡಳಿತ ಕೇಳಿದಾಗ, ಕಾರ್ಯಕರ್ತರು ತೋರಿಸಿದ್ದು ಒಪ್ಪಂದವನ್ನಲ್ಲ, ತಮ್ಮ ತಮ್ಮ ಪತ್ರದ ಅನುಬಂಧವನ್ನು. ಅದು ಇಬ್ಬರ ನಡುವಿನ ಕರಾರು, ಕೈಗಾರಿಕೆ ಹೌದೋ ಅಲ್ಲವೋ ಎಂಬ ಪ್ರಶ್ನೆ ಅದಕ್ಕೆ ಬೇಕಿಲ್ಲ.

12 ಸಂಪನ್ಮೂಲ ವ್ಯಕ್ತಿಗಳಿಗೆ ಅಂಥ ಪತ್ರವೇ ಇಲ್ಲ. ಒಪ್ಪಂದದ ಮರುವರ್ಷ ಖಾಲಿಯಾದ ಆರು ಕಾರ್ಯಕರ್ತರ ಹುದ್ದೆಗಳನ್ನು ಸಂಸ್ಥೆ ಅದೇ ಹೆಸರಿನಲ್ಲಿ ತುಂಬಿತು. ಈಗ ಅವರು 18 ಜನ. ಸಂಘ ಸದ್ಯ ಅವರ ಹಾಜರಿ ಸಹಿ, ಆ್ಯಪ್ ಫೋಟೊ, ಸಂಯೋಜಕರು ಕಳಿಸಿದ ದಿನದ ಆದೇಶದ ಸಂದೇಶಗಳನ್ನು ತಿಂಗಳಿಗೊಂದು ಕಡತ ಮಾಡಿ ಇಡುತ್ತಿದೆ, 16-ಎ ಪ್ರತಿಗಳ ಜೊತೆಗೆ.